ಹುಲ್ಲಿನ ಮಾಡಿನಡಿ ಸಾವಿರ ಅಡಿಯ ಕೊಳವೆಬಾವಿ

ನಗರದ ವಾರಾಂತ್ಯದ ಜಾಹೀರಾತುಗಳಲ್ಲಿ ‘ಪರಿಸರ ವಸತಿ’ ಎಂಬ ಮಾತು ಈಗ ಸಾಮಾನ್ಯವಾಗಿದೆ. ಬೆಟ್ಟದ ಇಳಿಜಾರಿನಲ್ಲಿ ಹುಲ್ಲು ಹೊದಿಸಿದ ಗುಡಿಸಲು, ಮಣ್ಣಿನ ಗೋಡೆ, ಬಿದಿರಿನ ಮಂಚ, ಬಾಗಿಲಲ್ಲಿ ಲಾಂದ್ರ, ತಟ್ಟೆಯಲ್ಲಿ ರಾಗಿಮುದ್ದೆ ಮತ್ತು ಅವರೆಕಾಳಿನ ಸಾರು. ಒಂದು ರಾತ್ರಿಯ ಬಾಡಿಗೆಯೆಂದರೆ ಕೂಲಿಯಾಳಿನ ಹಲವು ದಿನಗಳ ದುಡಿಮೆ. ರುವಾಂಡ, ಕೋಸ್ಟರಿಕ, ಇಂಡೋನೇಷ್ಯಗಳ ಜ್ವಾಲಾಮುಖಿ ಬೆಟ್ಟಗಳಲ್ಲಿ ಬೆಳೆದ ಈ ವ್ಯಾಪಾರ ನಮ್ಮ ರಾಜ್ಯದಲ್ಲಿ ಕೊಡಗು, ಚಿಕ್ಕಮಗಳೂರುಗಳನ್ನು ತುಂಬಿದ ಮೇಲೆ ಬಯಲುಸೀಮೆಯ ಬೆಟ್ಟಗಳತ್ತ ಕಣ್ಣು ಹಾಯಿಸುವುದು ಸಹಜವೇ. ತಿಪಟೂರು ಬೆಂಗಳೂರಿನಿಂದ ಮೂರು ಗಂಟೆಯ ದಾರಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಗ್ರಾಮಸಭೆಗಳು ಆ ನೋಟ ಅರ್ಜಿಯ ರೂಪ ತಾಳುವ ಮೊದಲೇ ತಮ್ಮ ನಿಲುವನ್ನು ನಿರ್ಧರಿಸಿಕೊಳ್ಳಬೇಕಾಗಿದೆ. ಒಂದು ವಸತಿಯ ಪರಿಸರಸ್ನೇಹವು ಅದರ ಮಾಡಿಗೆ ಹೊದಿಸಿದ ಹುಲ್ಲಿನಿಂದ ತೀರ್ಮಾನವಾಗುವುದಿಲ್ಲ. ಅದರ ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ, ಅದು ನಿಂತ ನೆಲದ ಪಹಣಿ ಯಾರ ಹೆಸರಿನಲ್ಲಿದೆ ಎಂಬ ಮೂರು ಸಂಗತಿಗಳಿಂದ ತೀರ್ಮಾನವಾಗುತ್ತದೆ. ಈ ಮೂರರ ಬಗ್ಗೆ ಯಾವ ಜಾಹೀರಾತೂ ತುಟಿ ಬಿಚ್ಚುವುದಿಲ್ಲ.

ಜ್ವಾಲಾಮುಖಿಯ ನೆಲವೆಂಬ ಹೆಗ್ಗಳಿಕೆಗೆ ಈ ಸೀಮೆಯೂ ಹಕ್ಕುದಾರನೇ, ತುಸು ತಡವಾಗಿ ಎಂದಷ್ಟೇ ಹೇಳಬೇಕು. ಚಿಕ್ಕನಾಯಕನಹಳ್ಳಿಯ ಬೆಟ್ಟಸಾಲು ಭೂವಿಜ್ಞಾನಿಗಳು ಧಾರವಾಡ ಶಿಲಾಸಮೂಹವೆಂದು ಕರೆಯುವ ಅತಿ ಪ್ರಾಚೀನ ಶಿಲೆಗಳಿಗೆ ಸೇರಿದ್ದು, ಚಿತ್ರದುರ್ಗದ ಕಡೆಯಿಂದ ದಕ್ಷಿಣಕ್ಕೆ ಹರಿದುಬಂದ ಪಟ್ಟಿಯ ಭಾಗ. ಅದೇ ಪಟ್ಟಿಯಲ್ಲಿ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ, ನೀರಿನಡಿ ಉಕ್ಕಿದ ಲಾವಾರಸ ದಿಂಬುಗಳ ಆಕಾರದಲ್ಲಿ ಹೆಪ್ಪುಗಟ್ಟಿದ ಬಂಡೆಗಳಿವೆ. ಸುಮಾರು 250 ಕೋಟಿ ವರ್ಷ ಹಳೆಯವಾದ ಅವುಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದೆ. ಆ ಬೆಂಕಿ ಆರಿ ಹೋಗಿ ಲೆಕ್ಕವಿಲ್ಲದಷ್ಟು ಕಾಲವಾಗಿದೆ. ಉಳಿದದ್ದು ಪದರಗಲ್ಲು, ಸುಣ್ಣಕಲ್ಲು, ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು. ಸಜೀವ ಜ್ವಾಲಾಮುಖಿಯ ಸೀಮೆಯಲ್ಲಿರುವ ಬೂದಿಮಣ್ಣಿನ ಫಲವತ್ತತೆಯಾಗಲಿ ಬಿಸಿನೀರಿನ ಬುಗ್ಗೆಯಾಗಲಿ ಇಲ್ಲಿಲ್ಲ. ಇಲ್ಲಿರುವುದು ಗಟ್ಟಿ ಬಂಡೆ, ಅದರ ಮೇಲೆ ತೆಳುವಾದ ಮಣ್ಣು, ಅದರ ಮೇಲೆ ಕುರುಚಲು ಕಾಡು.

ಈ ಬಂಡೆಯ ಸ್ವಭಾವವನ್ನು ಅರಿಯದೆ ಬೆಟ್ಟದ ಮೇಲೆ ಏನನ್ನೂ ಕಟ್ಟುವ ಮಾತಾಡಬಾರದು. ಗಟ್ಟಿ ಶಿಲೆಯ ಒಡಲಲ್ಲಿ ನೀರು ನಿಲ್ಲುವುದು ಎರಡೇ ಕಡೆ: ಮೇಲಿನ ಶಿಥಿಲಗೊಂಡ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ. ಬೆಟ್ಟದ ಮೇಲೆ ಬಿದ್ದ ಮಳೆ ಹುಲ್ಲು ಮತ್ತು ಬೇರುಗಳ ತಡೆಯಿಂದ ನಿಧಾನಿಸಿ, ಸ್ವಲ್ಪ ಬಿರುಕುಗಳೊಳಗೆ ಇಳಿದು, ಉಳಿದದ್ದು ಹಳ್ಳವಾಗಿ ಕೆರೆ ಸೇರುತ್ತದೆ. ಕೆರೆಯ ಕೆಳಗಿನ ತೋಟದ ಬಾವಿಯಲ್ಲಿ ಮಾಘ ಮಾಸದವರೆಗೆ ನೀರಿದ್ದರೆ ಅದು ಆ ಬೆಟ್ಟದ ದಾಕ್ಷಿಣ್ಯ. ಬಹುತೇಕ ವರ್ಷ 700 ಮಿಲಿಮೀಟರ್ ಆಸುಪಾಸಿನ, ಕೆಲವೊಮ್ಮೆ ಅದನ್ನೂ ಮುಟ್ಟದ ಮಳೆಯಲ್ಲಿ ಇಷ್ಟು ತೆಂಗು ನಿಂತಿರುವುದರ ಗುಟ್ಟೂ ಇದೇ. ತೆಂಗಿಗೆ ಕೆರೆ ಆಧಾರ, ಕೆರೆಗೆ ಬೆಟ್ಟ. ಹೇಮಾವತಿಯ ನಾಲೆ ತಿಪಟೂರು, ತುರುವೇಕೆರೆಗಳ ಮಾರ್ಗವಾಗಿ ಹಾದುಹೋಗುತ್ತದೆ ನಿಜ, ಆದರೆ ಎಲ್ಲ ಕೆರೆಗೂ ಎಲ್ಲ ವರ್ಷವೂ ಅದು ಒದಗಿಲ್ಲ. ಚಿಕ್ಕನಾಯಕನಹಳ್ಳಿಯ ಜನ ಆ ನೀರಿಗಾಗಿ ಹೋರಾಡಿದ ದಶಕಗಳೇ ಅದಕ್ಕೆ ಸಾಕ್ಷಿ. ಅಂತರ್ಜಲದ ಅತಿಬಳಕೆಯಾಗಿರುವ ತಾಲ್ಲೂಕುಗಳ ಪಟ್ಟಿಯಲ್ಲಿ ತಿಪಟೂರು ಮತ್ತು ಚಿಕ್ಕನಾಯಕನಹಳ್ಳಿಗಳ ಹೆಸರು ಬಹುಕಾಲದಿಂದ ಇದೆ.

ಈಗ ಆ ಬೆಟ್ಟದ ಇಳಿಜಾರಿನಲ್ಲಿ ಇಪ್ಪತ್ತು ಗುಡಿಸಲುಗಳ ಒಂದು ವಸತಿಯನ್ನು ಊಹಿಸಿಕೊಳ್ಳಬಹುದು. ಗುಡಿಸಲಿಗೆ ಇಬ್ಬರಂತೆ ನಲವತ್ತು ಮಂದಿ. ಸಾಧಾರಣ ಹೋಟೆಲಿನ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ನೀರು ಬೇಕೆಂಬುದು ಭಾರತೀಯ ಮಾನಕ ಸಂಸ್ಥೆಯ ಲೆಕ್ಕ. ಒಟ್ಟು 7,200 ಲೀಟರ್. ಗ್ರಾಮೀಣ ನಲ್ಲಿ ನೀರಿನ ಯೋಜನೆಯಲ್ಲಿ ಹಳ್ಳಿಯ ಒಬ್ಬ ಮನುಷ್ಯನಿಗೆ ಗೊತ್ತುಪಡಿಸಿರುವುದು ದಿನಕ್ಕೆ 55 ಲೀಟರ್. ಅಂದರೆ ನಲವತ್ತು ಅತಿಥಿಗಳ ನೀರು 130 ಹಳ್ಳಿಗರ ನೀರು. ಬೇಸಿಗೆಯಲ್ಲಿ ಹನಿ ನೀರಾವರಿಯಿಂದ ಒಂದು ತೆಂಗಿನ ಮರಕ್ಕೆ ದಿನಕ್ಕೆ 60 ಲೀಟರ್ ಕೊಟ್ಟರೆ ಅದು 120 ಮರಗಳ, ಅಂದರೆ ಸುಮಾರು ಎರಡೂವರೆ ಎಕರೆ ತೋಟದ ನೀರು. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಈಜುಕೊಳವಿದ್ದರೆ ಅದನ್ನು ಒಮ್ಮೆ ತುಂಬಲು 75,000 ಲೀಟರ್ ಪ್ರತ್ಯೇಕ. ಪರಿಸರ ವಸತಿಗೆ ಈಜುಕೊಳವೇಕೆ ಎಂದು ಯಾರಾದರೂ ಕೇಳಿದರೆ ಅದು ‘ಸಹಜ ಕೊಳ’ವೆಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಅತಿಥಿಗಳ ಸಂಖ್ಯೆ ಏರುವುದು ಶಾಲೆಗಳಿಗೆ ರಜೆ ಬರುವ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ. ಕೆರೆಯಂಗಳ ಬಿರುಕು ಬಿಡುವುದೂ ತೆಂಗಿನ ಗರಿ ಜೋತುಬೀಳುವುದೂ ಅದೇ ತಿಂಗಳುಗಳಲ್ಲಿ.

ದೊಡ್ಡ ಕೈಗಾರಿಕೆಗಳ ಎದುರು ಇದು ಅಲ್ಪ ಪ್ರಮಾಣವೆಂದು ವಾದಿಸುವವರಿದ್ದಾರೆ. ಪ್ರಮಾಣ ಅಲ್ಪವೇ ಇರಬಹುದು, ಸ್ಥಾನ ಅಲ್ಪವಲ್ಲ. ಕೊಳವೆಬಾವಿ ಕೊರೆಯುವುದು ಬಿರುಕಿನ ಮೇಲ್ತುದಿಯಲ್ಲಿ. ಮೇಲೆ ಸಾವಿರ ಅಡಿ ಇಳಿದವನ ನೀರಿನ ಯಂತ್ರ ಹೆಚ್ಚು ಶಕ್ತಿಯದಾದರೆ ಕೆಳಗಿನ ಐನೂರು ಅಡಿಯವನ ಪೈಪಿನಲ್ಲಿ ಗಾಳಿ ಬರುತ್ತದೆ. ಕೊಳಚೆಯ ಸಂಗತಿಯೂ ಹೀಗೆಯೇ. ಆಳವಾದ ಮಣ್ಣಿದ್ದ ಕಡೆ ಶೌಚದ ಗುಂಡಿಯ ನೀರು ಸೋಸಿ ಇಳಿಯುತ್ತದೆ. ಒಂದೆರಡು ಅಡಿ ಮಣ್ಣಿನ ಕೆಳಗೆ ಬಿರುಕುಬಿಟ್ಟ ಬಂಡೆಯಿದ್ದರೆ ಆ ನೀರು ಸೋಸುವ ಮುನ್ನವೇ ಬಿರುಕು ಹಿಡಿದು ಕೆಳಗಿನ ಕುಡಿಯುವ ನೀರಿನ ಬಾವಿಯನ್ನು ತಲುಪಬಲ್ಲದು. ಮಣ್ಣಿನ ಗೋಡೆಯ ಅಂದ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ, ಗುಂಡಿಯ ಚಿತ್ರ ಯಾರೂ ತೆಗೆಯುವುದಿಲ್ಲ.

ಬೆಟ್ಟವು ಖಾಲಿಯಾಗಿದೆ ಎಂಬ ಭ್ರಮೆಯೂ ಈ ವ್ಯಾಪಾರದ ಬಂಡವಾಳವೇ. ಕಂದಾಯ ದಾಖಲೆಯಲ್ಲಿ ಗೋಮಾಳ, ಖರಾಬು, ಕಾವಲು ಎಂದು ಬರೆದಿರುವ ನೆಲದಲ್ಲಿ ಯಾರ ಕೆಲಸವೂ ನಡೆಯುತ್ತಿಲ್ಲವೆಂದು ನಗರದ ಹೂಡಿಕೆದಾರ ತಿಳಿಯುತ್ತಾನೆ. ಚಿಕ್ಕನಾಯಕನಹಳ್ಳಿಯ ಕಂಬಳಿಗೆ ಹೆಸರು ಬಂದದ್ದು ಈ ಇಳಿಜಾರುಗಳಲ್ಲಿ ಮೇಯ್ದ ಕುರಿಗಳ ತುಪ್ಪಟದಿಂದ. ಹುಲ್ಲು, ಸೌದೆ, ಕಾರೆಹಣ್ಣು, ಸೀತಾಫಲ, ಔಷಧಿ ಬೇರು, ಪೊರಕೆ ಕಡ್ಡಿ, ಇವುಗಳ ಲೆಕ್ಕ ಯಾವ ಕಡತದಲ್ಲೂ ಇಲ್ಲ, ಆದರೆ ಭೂಮಿಯಿಲ್ಲದ ಮನೆಗಳ ವರ್ಷ ಸಾಗುವುದರಲ್ಲಿ ಅವುಗಳ ಪಾಲಿದೆ. ‘ಬಳಕೆಯಾಗದ’ ನೆಲವೆಂದು ಹೆಸರಿಟ್ಟರೆ ಏನಾಗುತ್ತದೆಂಬುದಕ್ಕೆ ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯೇ ಪಾಠ. ಅಲ್ಲಿ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ದೊಡ್ಡ ಸಂಸ್ಥೆಗಳ ಪಾಲಾಗಿ ಬೇಲಿ ಬಿದ್ದಾಗ ಕುರಿಗಾಹಿಗಳಿಗೆ ಸುದ್ದಿ ತಲುಪಿದ್ದು ಎಲ್ಲರಿಗಿಂತ ಕೊನೆಗೆ. ಗ್ರಾಮದ ಸಾಮಾನ್ಯ ಭೂಮಿಯ ಅತಿಕ್ರಮಣವನ್ನು ತೆರವುಗೊಳಿಸಿ ಅದನ್ನು ಗ್ರಾಮದ ಬಳಕೆಗೆ ಹಿಂದಿರುಗಿಸಬೇಕೆಂದು 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಆದೇಶಿಸಿದೆ. ಆ ತೀರ್ಪಿನ ಪ್ರತಿ ಪ್ರತಿಯೊಂದು ಪಂಚಾಯಿತಿ ಕಚೇರಿಯಲ್ಲೂ ಇರಬೇಕಾದದ್ದು.

ಮನುಷ್ಯರಷ್ಟೇ ಅಲ್ಲ ಇಲ್ಲಿಯ ಒಕ್ಕಲು. ಶಿರಾ ಮತ್ತು ಚಿಕ್ಕನಾಯಕನಹಳ್ಳಿ ಸೀಮೆಯ ಬುಕ್ಕಾಪಟ್ಟಣದ ಕುರುಚಲು ಕಾಡು 2019ರಲ್ಲಿ ಚಿಂಕಾರ ವನ್ಯಧಾಮವಾಯಿತು. ಚಿಂಕಾರದಂಥ ನಾಚಿಕೆಯ ಜೀವಿಗೆ ರಾತ್ರಿಯ ದೀಪವೂ ಧ್ವನಿವರ್ಧಕವೂ ಬೇಲಿಯಷ್ಟೇ ಬಲವಾದ ತಡೆ. ಚಿರತೆಯ ಕತೆ ಬೇರೆ. ಅಡುಗೆಮನೆಯ ಎಂಜಲು ಬಿದ್ದಲ್ಲಿ ನಾಯಿಗಳು ಸೇರುತ್ತವೆ, ನಾಯಿಗಳಿದ್ದಲ್ಲಿಗೆ ಚಿರತೆ ಬರುತ್ತದೆ. 2019 ಮತ್ತು 2020ರ ನಡುವೆ ತುಮಕೂರು ಜಿಲ್ಲೆಯಲ್ಲಿ ಚಿರತೆಯ ದಾಳಿಗೆ ಮಕ್ಕಳೂ ವೃದ್ಧರೂ ಬಲಿಯಾದದ್ದು ಹೊಲ ತೋಟಗಳ ಬದಿಯಲ್ಲಿ. ಅತಿಥಿ ಭಾನುವಾರ ಸಂಜೆ ಕಾರು ಹತ್ತಿ ಹೋಗುತ್ತಾನೆ, ಸೋಮವಾರ ಬೆಳಿಗ್ಗೆ ಕುರಿ ಹೊಡೆದುಕೊಂಡು ಬೆಟ್ಟದ ಬುಡಕ್ಕೆ ಹೋಗಬೇಕಾದವರು ಊರಿನವರು.

ಇಷ್ಟಾದರೂ ಒಂದು ವಾದಕ್ಕೆ ಗಂಭೀರ ಉತ್ತರ ಸಲ್ಲಬೇಕು: ಗಣಿಗಿಂತ ವಸತಿ ಮೇಲಲ್ಲವೇ? ಚಿಕ್ಕನಾಯಕನಹಳ್ಳಿಯ ಜನಕ್ಕೆ ಈ ಪ್ರಶ್ನೆ ಹಗುರವಾದದ್ದಲ್ಲ. ಮದುವಣಿಗನ ಜನಪದ ಕತೆಯನ್ನು ಹೆಸರಿನಲ್ಲೇ ಹೊತ್ತಿರುವ ಮದಲಿಂಗನ ಕಣಿವೆಯ ಸೀಮೆಯಲ್ಲಿ ಅದಿರಿನ ಲಾರಿಗಳು ಓಡಾಡಿದ ವರ್ಷಗಳಲ್ಲಿ ತೆಂಗಿನ ಗರಿಯ ಮೇಲೆ ಕೆಂಪು ಧೂಳು ಕೂತದ್ದನ್ನೂ ಹೂಳು ಹಳ್ಳ ಹಿಡಿದು ಕೆರೆಗೆ ಇಳಿದದ್ದನ್ನೂ ಅವರು ಕಂಡಿದ್ದಾರೆ. ಸಮಾಜ ಪರಿವರ್ತನ ಸಮುದಾಯವು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯ, ಆಗಸ್ಟ್ 26ರಂದು ತುಮಕೂರು ಮತ್ತು ಚಿತ್ರದುರ್ಗಗಳ ಕಬ್ಬಿಣದ ಗಣಿಗಳನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಅತಿ ಹೆಚ್ಚು ಅಕ್ರಮವೆಸಗಿದ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸಾವಿರಾರು ಕೋಟಿ ರೂಪಾಯಿ ಸಂಗ್ರಹವಾಗಿ, ಅದರ ಬಳಕೆಗಾಗಿ 2014ರಲ್ಲಿ ಪ್ರತ್ಯೇಕ ನಿಗಮವೇ ಸ್ಥಾಪನೆಯಾಯಿತು.

ಗಣಿಯೋ ವಸತಿಯೋ ಎಂದು ಕೇಳುವವನು ಮೂರನೆಯ ದಾರಿಯನ್ನು ಮುಚ್ಚಿಟ್ಟು ಕೇಳುತ್ತಾನೆ. ಗಾಯಗೊಂಡ ಬೆಟ್ಟಕ್ಕೆ ಬೇಕಾದದ್ದು ಹುಲ್ಲು, ಸ್ಥಳೀಯ ಮರ, ತಡೆಗೋಡೆ, ಹೂಳು ತೆಗೆದ ಕಟ್ಟೆ ಮತ್ತು ಹಲವು ವರ್ಷಗಳ ನೆಮ್ಮದಿ. ಪುನಶ್ಚೇತನದ ಹಣದಲ್ಲಿ ಬೆಟ್ಟದ ನೆತ್ತಿಯ ಕಟ್ಟಡಕ್ಕೆ, ಅದನ್ನು ವೀಕ್ಷಣಾ ಗೋಪುರವೆಂದಾಗಲಿ ಪ್ರಕೃತಿ ಶಿಬಿರವೆಂದಾಗಲಿ ಕರೆಯಲಿ, ಒಂದು ಪೈಸೆಯೂ ಹೋಗಕೂಡದು. ಕಳ್ಳನನ್ನು ಹೊರಗಟ್ಟಿದ ಮನೆಯನ್ನು ಬಾಡಿಗೆದಾರನಿಗೆ ಕೊಡಲೇಬೇಕೆಂಬ ನಿಯಮವೇನೂ ಇಲ್ಲ.

ಗುಡಿಸಲಿನಿಂದ ಆರಂಭವಾದದ್ದು ಎಲ್ಲಿ ಮುಗಿಯುತ್ತದೆ ಎಂಬುದನ್ನು ಅರಿಯಲು ವಿದೇಶಕ್ಕೆ ಹೋಗಬೇಕಾಗಿಲ್ಲ. ಹಂಪಿಯ ಎದುರಿಗೆ, ತುಂಗಭದ್ರೆಯ ಆಚೆ, ವಿರೂಪಾಪುರ ಗಡ್ಡೆಯ ಭತ್ತದ ಗದ್ದೆಗಳ ನಡುವೆ ಪ್ರವಾಸಿಗಳಿಗಾಗಿ ಗುಡಿಸಲುಗಳು ಎದ್ದವು. ನೋಟಕ್ಕೆ ಅವು ಹಳ್ಳಿಗಾಡಿನ ಸರಳತೆಯೇ: ಹುಲ್ಲಿನ ಮಾಡು, ಜೋಕಾಲಿ, ಎದುರಿಗೆ ಹಸಿರು ಗದ್ದೆ. ಕಾಲಕ್ರಮದಲ್ಲಿ ಅವು ಕೃಷಿಭೂಮಿಯಲ್ಲಿ ಅನುಮತಿಯಿಲ್ಲದೆ ನಡೆಯುವ ವಸತಿ ವ್ಯಾಪಾರವಾಗಿ ಬೆಳೆದವು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಆಕ್ಷೇಪಿಸಿತು, ಮೊಕದ್ದಮೆಗಳು ವರ್ಷಗಟ್ಟಲೆ ನಡೆದವು, 2015ರಲ್ಲಿ ಹೈಕೋರ್ಟಿನ ಆದೇಶ ಬಂತು. 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಮುಂದಿನ ತಿಂಗಳು ಯಂತ್ರಗಳು ಬಂದು ಕಟ್ಟಡಗಳನ್ನು ಉರುಳಿಸಿದವು. ನ್ಯಾಯಾಲಯದ ತೀರ್ಪು ಸರಿಯಾದದ್ದೇ. ಆದರೆ ಅಲ್ಲಿ ಅಡುಗೆ ಮಾಡುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು, ತೆಪ್ಪ ಹಾಕುತ್ತಿದ್ದವರು ಒಂದೇ ವಾರದಲ್ಲಿ ಕೆಲಸ ಕಳೆದುಕೊಂಡರು. ಮೊದಲ ಗುಡಿಸಲಿಗೇ ಪಂಚಾಯಿತಿ ನಿಯಮ ಹೇಳಿದ್ದರೆ ಇಷ್ಟು ನಷ್ಟವಾಗುತ್ತಿರಲಿಲ್ಲ. ನೀಲಗಿರಿಯ ಸೀಗೂರಿನಲ್ಲೂ ಇದೇ ಆಯಿತು. ಆನೆ ಹಾದಿಯಲ್ಲಿ ಎದ್ದ ‘ಪ್ರಕೃತಿಪ್ರಿಯ’ ರೆಸಾರ್ಟುಗಳ ವಿರುದ್ಧ 2020ರ ಅಕ್ಟೋಬರ್ 14ರಂದು ಸುಪ್ರೀಂ ಕೋರ್ಟ್ ಆನೆಯ ಪರ ನಿಂತಿತು. ನೆರೆಯ ಚಿಕ್ಕಮಗಳೂರಿನಲ್ಲಿ ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ 2025ರಲ್ಲಿ ಮುಂಗಡ ನೋಂದಣಿ ಮತ್ತು ದಿನದ ಮಿತಿ ಹಾಕಬೇಕಾಯಿತು.

ಜ್ವಾಲಾಮುಖಿಯ ಸೀಮೆಯಲ್ಲೇ ಒಂದು ಉತ್ತಮ ಉದಾಹರಣೆ ಉಂಟೆಂದು ಹೇಳುವವರು ಸಾಮಾನ್ಯವಾಗಿ ರುವಾಂಡದ ವಿರುಂಗ ಪರ್ವತಗಳನ್ನು ಹೆಸರಿಸುತ್ತಾರೆ. ಅದನ್ನು ಪೂರ್ತಿಯಾಗಿ ನೋಡುವುದು ಒಳ್ಳೆಯದು. ಅಲ್ಲಿ ಸಬಿನ್ಯೊ ಬೆಟ್ಟದ ಬುಡದಲ್ಲಿರುವ ವಸತಿಗೃಹದ ಒಡೆತನ ಸುತ್ತಣ ಹಳ್ಳಿಗರ ಸಂಘದ್ದು. ನಡೆಸುವವನು ಖಾಸಗಿಯವನಾದರೂ ಪ್ರತಿ ಅತಿಥಿಯ ಲೆಕ್ಕದಲ್ಲಿ ಸಂಘಕ್ಕೆ ಹಣ ಸಲ್ಲಿಸಬೇಕು. ಗೊರಿಲ್ಲ ವೀಕ್ಷಣೆಯ ಪರವಾನಗಿಯ ದರವನ್ನು 2017ರಲ್ಲಿ 750 ಡಾಲರಿನಿಂದ 1,500 ಡಾಲರಿಗೆ ಏರಿಸಿ, ಉದ್ಯಾನಗಳ ಆದಾಯದಲ್ಲಿ ಸುತ್ತಲಿನ ಹಳ್ಳಿಗಳ ಪಾಲನ್ನು ಶೇಕಡ 5ರಿಂದ 10ಕ್ಕೆ ಹೆಚ್ಚಿಸಲಾಯಿತು. ಇವು ಮೆಚ್ಚತಕ್ಕವು. ಆದರೂ ಹೊರಗಿನವನು ಕೊಟ್ಟ ನೂರರಲ್ಲಿ ಹತ್ತು ಮಾತ್ರ ಹಳ್ಳಿಯದು. ಸರಂಧ್ರವಾದ ಜ್ವಾಲಾಮುಖಿ ಮಣ್ಣಿನಲ್ಲಿ ನೀರು ನಿಲ್ಲದ ಕಾರಣ, ಮಳೆ ಧಾರಾಳವಾಗಿದ್ದರೂ ಹಳ್ಳಿಗರು ಕೊಡ ಹಿಡಿದು ಉದ್ಯಾನದೊಳಗೆ ನುಸುಳುವುದು ಅಲ್ಲಿಯ ಹಳೆಯ ಸಂಕಟ. ಅತಿಥಿಯ ಕೋಣೆಯಲ್ಲಿ ಬಿಸಿನೀರು, ಅಡಿಗೆಯವಳ ಮನೆಯಲ್ಲಿ ಖಾಲಿ ಕೊಡ. ಆ ಚಿತ್ರವನ್ನು ನಕಲು ಮಾಡುವವರು ಗೊರಿಲ್ಲವನ್ನೂ ಮಳೆಯನ್ನೂ ತರಲಾರರು, ಖಾಲಿ ಕೊಡವನ್ನು ಮಾತ್ರ ತರಬಲ್ಲರು.

ಇನ್ನು ದುಡಿಮೆಯ ಪ್ರಶ್ನೆ. ಕೊಬ್ಬರಿಯ ಧಾರಣೆ ನಂಬಿ ಬದುಕುವುದು ಎಷ್ಟು ಕಷ್ಟವೆಂದು ತಿಪಟೂರು ಮಾರುಕಟ್ಟೆಗೆ ಚೀಲ ಇಳಿಸಿದ ಪ್ರತಿಯೊಬ್ಬನಿಗೂ ಗೊತ್ತು. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯ ಧಾರಣೆ ಹತ್ತು ಸಾವಿರದ ಕೆಳಗೆ ಕುಸಿದಿತ್ತು. 2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು, ಆದರೆ ಆಗ ಎಷ್ಟೋ ಮನೆಗಳ ಅಟ್ಟ ಬರಿದಾಗಿತ್ತು. ನುಸಿ, ಬರ, ಒಣಗಿದ ಮರ, ಸಾಲ ಇವುಗಳ ನಡುವೆ ಊರು ಬಿಟ್ಟುಹೋದ ಯುವಕರಿಗೆ ‘ಬೆಟ್ಟದಲ್ಲಿ ವಸತಿ ಬಂದರೆ ಕೆಲಸ ಸಿಗುತ್ತದೆ’ ಎಂಬ ಮಾತು ಸಿಹಿಯಾಗಿ ಕೇಳಿಸಿದರೆ ಅವರನ್ನು ದೂರುವಂತಿಲ್ಲ. ಸಿಗುವ ಕೆಲಸ ಯಾವುದೆಂದು ಮಾತ್ರ ಕೇಳಬೇಕು. ಕಾವಲುಗಾರ, ಹಾಸಿಗೆ ಹಾಸುವವಳು, ಪಾತ್ರೆ ತೊಳೆಯುವವಳು. ಭೂಸುಧಾರಣಾ ಕಾಯಿದೆಯ 79 ಎ ಮತ್ತು 79 ಬಿ ಕಲಮುಗಳು 2020ರ ತಿದ್ದುಪಡಿಯಲ್ಲಿ ಹೋದ ಮೇಲೆ ಕೃಷಿಕನಲ್ಲದ ಹಣವಂತನೂ ತೋಟ ಕೊಳ್ಳುವುದು ಸುಲಭವಾಯಿತು. ಬೆಲೆ ಬಿದ್ದ ವರ್ಷ ಬೆಟ್ಟದ ಬುಡದ ಮೂರು ಎಕರೆ ಮಾರಿದವನು, ಅದೇ ಮೂರು ಎಕರೆಯ ಬಾಗಿಲಲ್ಲಿ ಸಮವಸ್ತ್ರ ತೊಟ್ಟು ನಿಲ್ಲುವುದಕ್ಕೆ ಉದ್ಯೋಗ ಸೃಷ್ಟಿ ಎಂಬ ಹೆಸರು.

ಅತಿಥಿ ಬರಲೇಬಾರದೆಂದು ಯಾರೂ ಹೇಳುತ್ತಿಲ್ಲ. ಬರುವವನು ಊರೊಳಗಿನ ಮನೆಗೆ ಬರಲಿ. ಈ ಸೀಮೆಯ ಹಳೆಯ ಮನೆಗಳಲ್ಲಿ ತೆಂಗಿನಕಾಯಿ ತುಂಬಿದ ಅಟ್ಟವಿದೆ. ಸಿಪ್ಪೆ ಸಮೇತ ಹೆಚ್ಚುಕಡಿಮೆ ಒಂದು ವರ್ಷ ಅಲ್ಲಿ ಒಣಗಿದ ಕಾಯಿಯೊಳಗೆ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗುಡುಗುಡು ಎನ್ನುತ್ತದೆ, ಆಗ ಅದು ಉಂಡೆ ಕೊಬ್ಬರಿಯಾಯಿತೆಂದು ಅರ್ಥ. ಆ ಅಟ್ಟದ ಕೆಳಗಿನ ಕೋಣೆಯಲ್ಲಿ ಮಲಗಿ, ಮನೆಯವರು ಉಂಡದ್ದನ್ನೇ ಉಂಡು, ಅವರು ಬಳಸಿದಷ್ಟೇ ನೀರು ಬಳಸಿ, ಬಾಡಿಗೆಯನ್ನು ಮನೆಯೊಡತಿಯ ಕೈಗೆ ಕೊಟ್ಟುಹೋಗುವ ಅತಿಥಿಯಿಂದ ಬೆಟ್ಟಕ್ಕೆ ತೊಂದರೆಯಿಲ್ಲ. ಅದಕ್ಕೆ ಹೊಸ ಕೊಳವೆಬಾವಿ ಬೇಡ, ಭೂಪರಿವರ್ತನೆ ಬೇಡ, ಬೆಟ್ಟ ಕಡಿದು ಮಾಡುವ ರಸ್ತೆಯೂ ಬೇಡ. ಹೋಂಸ್ಟೇ ಎಂದರೆ ಮನೆಯವರು ಅಲ್ಲಿಯೇ ವಾಸವಿರಬೇಕು, ಕೋಣೆಗಳು ಕೆಲವೇ ಇರಬೇಕು ಎಂಬುದು ಪ್ರವಾಸೋದ್ಯಮ ಇಲಾಖೆಯ ನಿಯಮವೂ ಹೌದು. ಆದರೆ ಬೆಟ್ಟದ ಸೂರ್ಯೋದಯವನ್ನು ಹಾಸಿಗೆಯಿಂದಲೇ ಕಾಣಬೇಕೆನ್ನುವವನಿಗೆ ಇದು ರುಚಿಸದು. ಅವನಿಗೆ ಬೇಕಾದದ್ದು ಹಳ್ಳಿಯ ಸೊಗಡು, ಹಳ್ಳಿಯವರಲ್ಲ. ಹತ್ಯಾಳು ಬೆಟ್ಟದ ನರಸಿಂಹನನ್ನು ಕಾಣಲು ಹೋಗುವ ಒಕ್ಕಲಿನ ಜನ ಹತ್ತಿ, ಕೈಮುಗಿದು, ಇಳಿದು ಬರುತ್ತಾರೆ. ಸೂರ್ಯೋದಯವನ್ನು ಅವರೂ ನೋಡಿದ್ದಾರೆ.

ವಿದ್ಯಾರ್ಥಿಗಳಿಂದ ಆಗಬೇಕಾದ ಕೆಲಸ ಬಹಳವಿದೆ. ತಮ್ಮ ಊರಿನ ಬೆಟ್ಟದ ಬುಡದ ಬಾವಿಗಳ ನೀರಿನ ಮಟ್ಟವನ್ನು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ತಿಂಗಳಿಗೊಮ್ಮೆ ಅಳೆದು ಬರೆದಿಡಬಹುದು. ಎರಡು ವರ್ಷದ ಅಂಥ ದಾಖಲೆ ಯಾವ ಭಾಷಣಕ್ಕಿಂತಲೂ ಬಲವಾದದ್ದು. ಬೆಟ್ಟದ ಸರ್ವೆ ನಂಬರುಗಳ ಪಹಣಿಯನ್ನು ತೆಗೆಸಿ ನೋಡಬಹುದು. ಭೂಪರಿವರ್ತನೆಗೆ ಬಂದ ಅರ್ಜಿಗಳ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಬಹುದು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಇರಬೇಕಾದ ನಿರ್ವಹಣಾ ಸಮಿತಿ ತಮ್ಮಲ್ಲಿ ಇದೆಯೇ, ಇದ್ದರೆ ಬೆಟ್ಟದ ಗಿಡಮರಗಳು ಅದರ ದಾಖಲಾತಿಗೆ ಸೇರಿವೆಯೇ ಎಂದು ವಿಚಾರಿಸಬಹುದು. ಕುರಿಗಾಹಿಗಳನ್ನು ಕೂರಿಸಿಕೊಂಡು ಬರೆದರೆ ಆ ದಾಖಲಾತಿ ಒಂದು ತಿಂಗಳಲ್ಲಿ ತುಂಬುತ್ತದೆ.

ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಈಗಲೇ ಬರೆಸಬೇಕಾದ ನಿರ್ಣಯ ಚಿಕ್ಕದು: ಬೆಟ್ಟದ ಇಳಿಜಾರು ಮತ್ತು ಕೆರೆಗೆ ನೀರು ತರುವ ಹಳ್ಳಗಳ ಅಂಚಿನಲ್ಲಿ ಯಾವುದೇ ವಸತಿ ಕಟ್ಟಡಕ್ಕೆ, ಅದು ಹುಲ್ಲಿನದಿರಲಿ ಕಾಂಕ್ರೀಟಿನದಿರಲಿ, ಪಂಚಾಯಿತಿ ಒಪ್ಪಿಗೆ ಕೊಡಕೂಡದು, ಗೋಮಾಳವನ್ನು ಪ್ರವಾಸೋದ್ಯಮಕ್ಕೆ ಗುತ್ತಿಗೆ ಕೊಡುವ ಯಾವ ಪ್ರಸ್ತಾವವೂ ಕುರಿ ದನ ಸಾಕುವವರು ಹಾಜರಿರುವ ಸಭೆಯಲ್ಲಿ ಓದಿ ಹೇಳದೆ ಮುಂದೆ ಹೋಗಕೂಡದು. ಅರ್ಜಿ ಬಂದ ಮೇಲೆ ಸಭೆ ಸೇರಿದರೆ ಆ ವೇಳೆಗೆ ಯಾರದೋ ಜೇಬಿಗೆ ಮುಂಗಡ ಬಿದ್ದಿರುತ್ತದೆ, ಊರು ಎರಡಾಗಿರುತ್ತದೆ. ಅರ್ಜಿಯಿಲ್ಲದಾಗ ನಿರ್ಣಯ ಮಾಡಿದರೆ ಯಾರ ಮೇಲೂ ಹಗೆಯಿಲ್ಲದೆ ಎಲ್ಲರೂ ಸಹಿ ಹಾಕಬಹುದು.